ವಿಸ್ಕಿಯ ಊರಿಗೆ ಒಯ್ದ ಅರಿಷ್ಟ

ಹೊರಡುವ ಮೊದಲು

ಪೃಥ್ವಿ, ಶ್ರೀನಿಧಿ,

ಅಮೆರಿಕಕ್ಕೆ ಹೋಗಿ ಬಂದ ಅಜ್ಜಿ ಅಲ್ಲಿಯ ಒಂದು ಸುದ್ದಿಯನ್ನೂ ಹೇಳುವುದಿಲ್ಲ ಎಂದು ನೀವಿಬ್ಬರೂ ದೂರುತ್ತೀರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಕೊಪ್ಪದ ಹತ್ತಿರ ನಮ್ಮ ನಾರ್ವೆ ಊರಿನ ಶಾಲೆಯಲ್ಲಿ ಓದುವಾಗಲೂ ಮೇಷ್ಟ್ರು ನಿಲ್ಲಿಸಿ ಪದ್ಯ ಹೇಳು ಎಂದರೆ ಮೊದಲ ಸಾಲಿಗೇ ನಿಲ್ಲುತ್ತಿದ್ದೆ. ಅದನ್ನೇ ಬರೆ ಎಂದರೆ ಒಂದೂ ತಪ್ಪಿಲ್ಲದೆ ಬರೆದು ಕೊಡುತ್ತಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ. ಎತ್ತರದ ಕಟ್ಟಡ, ದೊಡ್ಡ ಅಂಗಡಿಗಳ ವಿಷಯ ಇದರಲ್ಲಿ ಸಿಗುವುದಿಲ್ಲ. ನಾನು ಹೋದದ್ದು ಕೆಂಟಕಿ ಎಂಬ ಸೀಮೆಯ ಸಣ್ಣ ಊರಿಗೆ. ಅಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಿಸ್ಕಿ ಕಾಯಿಸುತ್ತಾರೆ.

ನನ್ನ ತಮ್ಮ ಸುಬ್ರಾಯ, ನಿಮ್ಮ ಸುಬ್ಬಜ್ಜ, ಅಲ್ಲಿ ಇಪ್ಪತ್ತೆರಡು ವರ್ಷ ಇದ್ದ. ಮೊದಲು ಹೋದದ್ದು ಒಂದು ದೇವಸ್ಥಾನದ ಅಡುಗೆಗೆ. ಶೃಂಗೇರಿಯ ಸುತ್ತಮುತ್ತ ಮದುವೆ ಮುಂಜಿಗಳಲ್ಲಿ ಸಾವಿರ ಎಲೆಗೆ ಹುಳಿ ಕುದಿಸಿದ ಕೈ ಅವನದು. ಆಮೇಲೆ ಅಲ್ಲಿಯೇ ಒಂದು ವೃದ್ಧಾಶ್ರಮದ ಅಡುಗೆಮನೆಗೆ ಸೇರಿದ. ಮದುವೆಯಾಗಲಿಲ್ಲ. ಯಾವಾಗ ಕುಡಿಯಲು ಕಲಿತ, ಯಾರ ಜೊತೆ ಕಲಿತ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಅವನು ಫೋನು ಮಾಡಿದ ದಿನ.

"ಅಕ್ಕ, ಲಿವರ್ ಪೂರ್ತಿ ಹೋಯ್ತಂತೆ. ಬೇರೆಯವ್ರದ್ದು ಹಾಕ್ಬಹುದು ಅಂತಾರೆ. ಆದ್ರೆ ಆರು ತಿಂಗ್ಳು ಒಂದು ಹನಿ ಮುಟ್ದೇ ಇರ್ಬೇಕು. ಆಮೇಲೇ ಪಟ್ಟಿಗೆ ಹೆಸ್ರು."

"ಈಗೆಷ್ಟಾಯ್ತಾ?"

"ನಾಲ್ಕೂವರೆ."

"ಮುಟ್ಲಿಲ್ವನಾ?"

"ಇಲ್ಲ ಅಕ್ಕ. ಅಪ್ಪನಾಣೆ." ಆಮೇಲೆ ಹೇಳಿದ: "ಊಟ ಒಂದು ಸೇರುದಿಲ್ಲ. ನಾನೇ ಮಾಡಿದ್ದು ನಂಗೇ ಸೇರುದಿಲ್ಲ. ಎಂತ ಅಡ್ಗೆಯವ ಹೇಳು."

ಉಳಿದ ಒಂದೂವರೆ ತಿಂಗಳು ಅವನನ್ನು ಉಣ್ಣಿಸಿ ದಡ ಮುಟ್ಟಿಸಬೇಕು. ಹಿಂದೊಮ್ಮೆ ಅವನೇ ಮಾಡಿಸಿಟ್ಟಿದ್ದ ವೀಸಾ ಇತ್ತು. ನಾನು ಹೋದದ್ದು ಅಷ್ಟಕ್ಕೆ.

ಊಟ ಸೇರದವರಿಗೆ ನಮ್ಮಮ್ಮ ದ್ರಾಕ್ಷಾರಿಷ್ಟ ಮಾಡಿ ಕೊಡುತ್ತಿದ್ದರು. ಬಾಣಂತಿಯರಿಗೆ, ಜ್ವರದಿಂದ ಎದ್ದ ಮಕ್ಕಳಿಗೆ, ಊರಿನವರಿಗೆಲ್ಲ. ಒಣದ್ರಾಕ್ಷಿ ಕುದಿಸಿ ಕಷಾಯ ಮಾಡಿ, ಆರಿದ ಮೇಲೆ ಬೆಲ್ಲ, ಧಾತಕಿ ಹೂವು, ಹಿಪ್ಪಲಿ, ಏಲಕ್ಕಿ, ಲವಂಗ ಹಾಕಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಭತ್ತದ ರಾಶಿಯೊಳಗೆ ಒಂದು ತಿಂಗಳು ಹೂತಿಡುವುದು. ಆಗಿದೆಯೋ ಇಲ್ಲವೋ ನೋಡಲು ಎರಡು ಕ್ರಮ. ಭರಣಿಗೆ ಕಿವಿ ಕೊಟ್ಟರೆ ಒಳಗೆ ಬುಳುಬುಳು ಸದ್ದು ನಿಂತಿರಬೇಕು. ಬಾಯಿ ತೆರೆದು ಉರಿಯುವ ಬತ್ತಿ ಹಿಡಿದರೆ ಬತ್ತಿ ಆರಬಾರದು. ಆ ಭರಣಿಯನ್ನು ಬೇರೆ ಯಾವುದಕ್ಕೂ ಬಳಸಬಾರದು, ತಿಕ್ಕಿ ತೊಳೆಯಲೂ ಬಾರದು. ಹಳೆಯ ಭರಣಿಯಲ್ಲಿ ಅರಿಷ್ಟ ಬೇಗ ಏಳುತ್ತದೆ ಎನ್ನುತ್ತಿದ್ದರು ಅಮ್ಮ. ಆ ವರ್ಷ ನಾನು ಸ್ವಲ್ಪವೇ ಮಾಡಿದ್ದೆ. ಇದ್ದದ್ದನ್ನೆಲ್ಲ ಒಂದು ದೊಡ್ಡ ಬಾಟಲಿಗೆ ಸೋಸಿ, ಸೀರೆಗಳ ಮಧ್ಯೆ ಸುತ್ತಿ ಪೆಟ್ಟಿಗೆಗೆ ಹಾಕಿದೆ.

ನನ್ನ ಜೀವಮಾನದಲ್ಲಿ ನಾನು ಕುಡಿತವನ್ನು ದ್ವೇಷಿಸಿದಷ್ಟು ಯಾವುದನ್ನೂ ದ್ವೇಷಿಸಿಲ್ಲ. ನರಸಿಂಹರಾಜಪುರದ ಕಡೆ ಕಾಡಿನಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದ ಕಾಲದಲ್ಲಿ ನನ್ನ ಗೆಳತಿಯ ಗಂಡ ಕಣ್ಣು ಕಳೆದುಕೊಂಡು ಸತ್ತದ್ದನ್ನು ನೋಡಿದವಳು ನಾನು. ನಿಮ್ಮಜ್ಜ ಇರುವಾಗ ನಮ್ಮ ಮನೆಯ ಅಂಗಳಕ್ಕೆ ಕುಡಿದವರು ಕಾಲಿಡುತ್ತಿರಲಿಲ್ಲ. ಇದನ್ನು ಯಾಕೆ ಬರೆದೆ ಎಂದು ಮುಂದೆ ನಿಮಗೆ ತಿಳಿಯುತ್ತದೆ.

ವಿಮಾನ ನಿಲ್ದಾಣದ ಮೇಜು

ಅಲ್ಲಿ ಇಳಿದ ಮೇಲೆ ಪೆಟ್ಟಿಗೆಯನ್ನು ಬಿಚ್ಚಿಸುವ ಒಂದು ಮೇಜು ಇದೆ. ಕೈಗವಸು ಹಾಕಿದ ಎತ್ತರದ ಮನುಷ್ಯ ನನ್ನ ಸೀರೆಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟ. ಒಳಲಂಗಗಳನ್ನೂ ಇಟ್ಟ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನೆಲ ಬಾಯಿ ಬಿಡಬಾರದೆ ಎನಿಸಿತು. ಅವನು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ತೆರೆದು ಮೂಸಿ, ಕಣ್ಣು ಮಿಟುಕಿಸಿ, ಪುನಃ ಮುಚ್ಚಿದ. ಆಮೇಲೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಏನೋ ಕೇಳಿದ.

"ಮೆಡಿಸಿನ್," ಎಂದೆ ನಾನು. ಕೊಪ್ಪದ ಔಷಧಿ ಅಂಗಡಿಯಲ್ಲಿ ದಿನಾ ಕೇಳುವ ಮಾತು ಅದು. ಆ ದೇಶದಲ್ಲಿ ನಾನು ತಡವರಿಸದೆ ಹೇಳಿದ ಮೊದಲ ಮಾತೂ ಅದೇ.

ಅವನು ಒಮ್ಮೆ ನನ್ನನ್ನು ನೋಡಿದ. ಬಿಳಿಕೂದಲು, ಬೋಳು ಹಣೆ, ಗಂಟಲಿನವರೆಗೆ ಹೊದ್ದ ಸೆರಗು. ನಕ್ಕು ಬಾಟಲಿಯನ್ನು ಸೀರೆಯೊಳಗೆ ಮೊದಲಿನಂತೆಯೇ ಸುತ್ತಿಟ್ಟ. ಒಳ್ಳೆಯ ಮನುಷ್ಯ. ಅವನು ಕೆಟ್ಟವನಾಗಿದ್ದು ಅದನ್ನು ಕಸದ ಬುಟ್ಟಿಗೆ ಎಸೆದಿದ್ದರೆ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ.

ಕಪ್ಪು ಗೋಡೆಯ ಮನೆ

ಸುಬ್ಬುವನ್ನು ನೋಡಿದಾಗ ಗುರುತು ಸಿಗಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ದೊಡ್ಡದು. ಕಣ್ಣಿನ ಬಿಳಿ ಅರಿಸಿನ. ಕಾಲಿಗೆ ಬಿದ್ದ ಮೇಲೆ ಎದ್ದು ನಿಲ್ಲಲು ನನ್ನ ತೋಳು ಹಿಡಿಯಬೇಕಾಯಿತು.

ಅವನ ಬಾಡಿಗೆ ಮನೆ ಹೊರಗಿನಿಂದ ಹಂಡೆ ಒಲೆಯ ಗೋಡೆಯಂತೆ ಕಪ್ಪಾಗಿತ್ತು. ಇಡೀ ಬೀದಿಯೇ ಹಾಗೆ. ಮರದ ಕಾಂಡ, ಬೇಲಿ, ರಸ್ತೆಯ ಫಲಕ, ಎಲ್ಲದರ ಮೇಲೂ ಮಸಿ. ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ಬಕೆಟ್ಟು, ಬ್ರಷ್ಷು ಹಿಡಿದು ಜಗಲಿಯ ಗೋಡೆ ತಿಕ್ಕಲು ಕೂತೆ. ಎದುರು ಮನೆಯ ಹೆಂಗಸು ಹೊರಬಂದು ನೋಡಿ ನಗಾಡಿದಳು. ಸುಬ್ಬು ಬಾಗಿಲಿಗೆ ಬಂದ.

"ಎಂತ ಮಾಡ್ತಿದೀಯೇ ಅಕ್ಕ? ಅದು ಹೋಗುದಲ್ಲ ಮಾರಾಯ್ತಿ."

"ನಮ್ಮಲ್ಲಿ ಪಾಚಿ ಕಟ್ಟಿದ್ರೆ ತಿಕ್ಕುದಿಲ್ವನಾ? ಎಷ್ಟು ವರ್ಷದ ಮಸಿಯೋ ಎಂತದೋ!"

"ಮಸಿ ಅಲ್ಲ. ಅಗೋ, ಗುಡ್ಡದ ಮೇಲೆ ಉದ್ದ ಉದ್ದ ಗೋದಾಮು ಕಾಣ್ತದಲ, ಅಲ್ಲಿ ಪೀಪಾಯಿಯೊಳಗೆ ವಿಸ್ಕಿ ಮಲಗಿಸಿಟ್ಟಿದ್ದು. ವರ್ಷ ವರ್ಷ ಅದ್ರಲ್ಲಿ ಸ್ವಲ್ಪ ಆವಿ ಆಗಿ ಹೋಗ್ತದೆ. ಅದನ್ನ ತಿಂದು ಬೆಳೆಯೋ ಬೂಷ್ಟು ಇದು. ದೇವತೆಗಳ ಪಾಲು ಅಂತಾರೆ ಇಲ್ಲಿಯವ್ರು, ಆ ಆವಿಗೆ." ಗೋಡೆಯ ಮೇಲೆ ಕೈಯಿಟ್ಟು ನಕ್ಕ. "ಇಲ್ಲಿ ಗೋಡೆ ಸಹಾ ಕುಡೀತದೆ ಅಕ್ಕ. ನಾನೊಬ್ಬನೇ ಬಿಟ್ಟವ."

ಬೇರೆ ಊರಿಗೆ ಹೋಗಬಾರದಿತ್ತೇ ಎಂದೆ. ಬಾಡಿಗೆ ಕಡಿಮೆ, ಆಸ್ಪತ್ರೆ ಹತ್ತಿರ ಎಂದ.

ಮನೆಯೊಳಗೆ ಅವನು ನಡೆಸುತ್ತಿದ್ದ ಕಾವಲು ನೋಡಿದರೆ ನಮ್ಮ ಮಡಿ ಏನೂ ಅಲ್ಲ. ಕೆಮ್ಮಿನ ಔಷಧಿ, ಬಾಯಿ ಮುಕ್ಕಳಿಸುವ ನೀರು, ಕೇಸರಿಬಾತಿಗೆ ಹಾಕುವ ಎಸೆನ್ಸು, ಕೈಗೆ ಹಚ್ಚುವ ದ್ರವ, ಎಲ್ಲದರ ಚೀಟಿಯನ್ನೂ ಕನ್ನಡಕ ಏರಿಸಿ ಓದುತ್ತಿದ್ದ. ಅದರೊಳಗೆ ಅಣುವಷ್ಟು ಮದ್ಯ ಇದ್ದರೂ ಆಸ್ಪತ್ರೆಯವರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದಂತೆ. ಹೇಳದೆ ಕೇಳದೆ ಕರೆದು ಮೂತ್ರ ಪರೀಕ್ಷೆ ಮಾಡುತ್ತಾರೆ. ಕಪಾಟಿನ ಬಾಗಿಲ ಹಿಂದೆ ಒಂದು ಕ್ಯಾಲೆಂಡರು. ದಿನಕ್ಕೊಂದು ಗೀಟು.

ಮೊದಲ ದಿನವೇ ಊಟಕ್ಕೆ ಮುಂಚೆ ಎರಡು ಚಮಚ ಅರಿಷ್ಟ ಕೊಟ್ಟೆ. ಅವನು ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು.

"ಅಮ್ಮನ ಭರಣಿದನೇ?"

"ಅದೇ ಭರಣಿ."

ಬಾಯಿಗೆ ಹಾಕಿ, ಚಮಚವನ್ನು ಚಿಕ್ಕ ಮಕ್ಕಳಂತೆ ನೆಕ್ಕಿ ಕೊಟ್ಟ. ಆ ಬಾಟಲಿಗೆ ಚೀಟಿ ಇರಲಿಲ್ಲ.

ಎರಡು ಹೊತ್ತೂ ಕೊಟ್ಟೆ. ನಾಲ್ಕನೆಯ ದಿನ ತಂಬುಳಿಗೆ ಎರಡನೆಯ ಸಲ ಅನ್ನ ಬಡಿಸಿಕೊಂಡ. ಫೋನಿನಲ್ಲಿ ನಿಮ್ಮ ಅಮ್ಮನಿಗೆ ನಾನು ಹೇಳಿದ ಮಾತು ನೆನಪಿದೆ: "ಮದ್ದು ಹಿಡೀತು ಕಣೇ. ಸುಬ್ಬು ಉಣ್ತಿದಾನೆ."

ಚರ್ಚಿನ ನೆಲಮಾಳಿಗೆ

ವಾರಕ್ಕೆ ಮೂರು ಸಂಜೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರು ಸೇರುತ್ತಾರೆ. ಮನೆಯವರು ಬರಬಹುದಾದ ದಿನ ಸುಬ್ಬು ನನ್ನನ್ನೂ ಕರೆದುಕೊಂಡು ಹೋದ. ಮಡಚುವ ಕುರ್ಚಿಗಳು, ಸುಟ್ಟ ವಾಸನೆಯ ಕಾಫಿ. ನಮ್ಮ ಮನೆಯ ಕಾಫಿ ಕುಡಿದವರಾರೂ ಅದನ್ನು ಕಾಫಿ ಎನ್ನುವುದಿಲ್ಲ. ಒಬ್ಬೊಬ್ಬರಾಗಿ ಎದ್ದು ಬರೀ ತಮ್ಮ ಹೆಸರು ಹೇಳಿ, ನಾನು ಕುಡುಕ ಎಂದು ಹೇಳಿ, ಆಮೇಲೆ ತಾವು ಮಾಡಿದ ಅನ್ಯಾಯಗಳನ್ನೆಲ್ಲ ಹೇಳುತ್ತಾರೆ. ಸುಬ್ಬು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಮಗುವನ್ನು ಕಾರಿನಲ್ಲಿ ಮರೆತವಳು, ಅಪ್ಪನ ಹೆಣದ ಮುಂದೆ ಕುಡಿದವನು. ಕೇಳುವವರು ಮುಖ ಸಿಂಡರಿಸುವುದಿಲ್ಲ, ಬುದ್ಧಿ ಹೇಳುವುದೂ ಇಲ್ಲ. ನಮ್ಮಲ್ಲಿ ಕುಡುಕನ ಹೆಂಡತಿ ದೇವರ ಮುಂದೆ ಕೂತು ಅಳುತ್ತಾಳೆ, ಕುಡುಕ ಅಂಗಡಿ ಜಗಲಿಯಲ್ಲಿ ಕೂತು ಹರಟುತ್ತಾನೆ. ಇಲ್ಲಿ ಕುಡುಕರೇ ಅಳುತ್ತಿದ್ದರು.

ನನ್ನ ಕಡೆ ತಿರುಗಿ ಏನಾದರೂ ಹೇಳುತ್ತೀರಾ ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಅಲ್ಲಿ ಪರಿಚಯವಾದವನು ಅರ್ಲ್. ಎಪ್ಪತ್ತು ದಾಟಿದ ಕರಿಯರ ಮುದುಕ, ಸುಬ್ಬುವಿನ ವೃದ್ಧಾಶ್ರಮದಲ್ಲಿ ಪಾತ್ರೆ ತೊಳೆಯುವ ಕೆಲಸದಲ್ಲಿದ್ದವನು. ಕುಡಿತ ಬಿಟ್ಟು ಮೂವತ್ತು ವರ್ಷ ಆಗಿದೆ. ಸುಬ್ಬುವನ್ನು ಆ ನೆಲಮಾಳಿಗೆಗೆ ಕರೆತಂದವನೂ ಅವನೇ. ನನ್ನನ್ನು 'ಅಕ್ಕಾ' ಎಂದೇ ಕರೆದ. ಸುಬ್ಬುವಿನ ಬಾಯಲ್ಲಿ ಕೇಳಿ ಅದೇ ನನ್ನ ಹೆಸರು ಎಂದುಕೊಂಡಿದ್ದ.

ಭಟ್ಟಿ

ನಾನು ಹೋಗಿ ಮೂರು ವಾರವಾಗಿತ್ತು. ಶುಕ್ರವಾರ ಆಸ್ಪತ್ರೆಯವರು ಸುಬ್ಬುವನ್ನು ಕರೆದು ಮೂತ್ರ ತೆಗೆದುಕೊಂಡರು. ಶನಿವಾರ ಅರ್ಲ್ ಕಾರು ತಂದ. ಗುಡ್ಡದ ಆಚೆಯ ಒಂದು ಹಳೆಯ ಭಟ್ಟಿಯಲ್ಲಿ ಅವನ ಪೂರ್ವಿಕನ ಹೆಸರನ್ನು ಒಂದು ಫಲಕದಲ್ಲಿ ಬರೆಸಿದ್ದಾರಂತೆ, ನೋಡಿ ಬರೋಣ ಎಂದ. ನಾನು ಬರುವುದಿಲ್ಲ ಎಂದೆ. "ಬಾರೇ ಅಕ್ಕ. ಅವನಿಗೂ ಒಬ್ನೇ ಹೋಗ್ಲಿಕ್ಕೆ ಧೈರ್ಯ ಇಲ್ಲ," ಎಂದ ಸುಬ್ಬು.

ನಮ್ಮಲ್ಲಿ ಅಬಕಾರಿಯವರು ಬಂದರೆ ಭಟ್ಟಿಯ ಮಡಕೆ ಒಡೆಯುತ್ತಿದ್ದರು, ಕಾಯಿಸಿದವರು ಕಾಡಿಗೆ ಓಡುತ್ತಿದ್ದರು. ಅಲ್ಲಿ ಭಟ್ಟಿ ನೋಡಲು ಬಸ್ಸುಗಳಲ್ಲಿ ಜನ ಬರುತ್ತಾರೆ, ಧರ್ಮಸ್ಥಳಕ್ಕೆ ಬಂದ ಹಾಗೆ. ಹುಲ್ಲುಹಾಸು, ಹೂವಿನ ಕುಂಡ. ಒಂದು ಕಡೆ ಮದುವೆಯೇ ನಡೆಯುತ್ತಿತ್ತು.

ಫಲಕ ಒಂದು ಮರದ ಕೆಳಗಿತ್ತು. ಸುಬ್ಬು ಬೆಂಚಿನ ಮೇಲೆ ಕೂತು ಅರ್ಲ್ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಿದ. ಆ ಸೀಮೆಗೆ ಮೊದಲು ಬಂದ ಬಿಳಿಯರು ಸಮುದ್ರದಾಚೆ ತಮ್ಮ ಊರುಗಳಲ್ಲಿ ಬಾರ್ಲಿ ಕಾಯಿಸಿ ಕಲಿತಿದ್ದರು. ಇಲ್ಲಿ ಬೆಳೆದದ್ದು ಮೆಕ್ಕೆಜೋಳ. ಅದನ್ನು ಅವರಿಗೆ ತೋರಿಸಿಕೊಟ್ಟವರು ಆ ನೆಲದ ಮೂಲದ ಜನ, ಕೊನೆಗೆ ನೆಲ ಕಳೆದುಕೊಂಡವರೂ ಅವರೇ. ಜೋಳವನ್ನು ಬೆಟ್ಟ ದಾಟಿಸಿ ಪೇಟೆಗೆ ಒಯ್ಯಲು ದಾರಿ ಇರಲಿಲ್ಲ. ಕಾಯಿಸಿ ಪೀಪಾಯಿಗೆ ತುಂಬಿದರೆ ಹಾಳಾಗುತ್ತಿರಲಿಲ್ಲ, ಕುದುರೆಗೂ ಹಗುರ. ಹೊಸ ಸರ್ಕಾರ ಅದಕ್ಕೆ ತೆರಿಗೆ ಹಾಕಿದಾಗ ರೈತರು ಬಂದೂಕು ಹಿಡಿದರು, ಸರ್ಕಾರ ದಂಡು ಕಳಿಸಿತು. ಒಳಗೆ ಸುಟ್ಟು ಕರಿ ಮಾಡಿದ ಪೀಪಾಯಿಗಳು ದೋಣಿಯಲ್ಲಿ ನದಿಯಗುಂಟ ತಿಂಗಳುಗಟ್ಟಲೆ ದಕ್ಷಿಣಕ್ಕೆ ಹೋಗುವಾಗ ವಿಸ್ಕಿಗೆ ಆ ಕೆಂಪು ಬಣ್ಣ ಬಂತು ಎನ್ನುತ್ತಾರೆ. ನಿಜವೋ ಕತೆಯೋ ಅರ್ಲ್‌ಗೂ ಗೊತ್ತಿಲ್ಲ.

"ಕಾಯಿಸಿದ್ದು ಯಾರು ಅಂತ ಮಾತ್ರ ಇವನಿಗೆ ಗೊತ್ತು," ಎಂದ ಸುಬ್ಬು.

ಫಲಕದಲ್ಲಿ ಹನ್ನೊಂದು ಹೆಸರು ಇದ್ದವು. ಬರೀ ಹೆಸರು, ತಂದೆಯ ಹೆಸರಿಲ್ಲ, ಮನೆತನವಿಲ್ಲ. ಮಾಲೀಕ ಸತ್ತಾಗ ಹಸು, ತಾಮ್ರದ ಹಂಡೆಗಳ ಜೊತೆ ಪಟ್ಟಿ ಮಾಡಿದ ಜೀತದ ಆಳುಗಳು. ನಾಲ್ಕನೆಯವನು ಮೋಸಸ್, ಅರ್ಲ್‌ನ ಮುತ್ತಜ್ಜನ ಅಪ್ಪ. ಜೋಳದ ಅಂಬಲಿ ಹುಳಿ ಬಂದು ಎಷ್ಟು ಹೊತ್ತು ಏಳಬೇಕು, ಬೆಂಕಿ ಎಷ್ಟಿರಬೇಕು ಎಂಬುದೆಲ್ಲ ಅವನ ಮೂಗಿನ ಲೆಕ್ಕದಲ್ಲಿ ನಡೆಯುತ್ತಿತ್ತಂತೆ. ಅವನಿಗೆ ಕುಡಿಯಲು ವರ್ಷಕ್ಕೊಮ್ಮೆ ಹಬ್ಬದಲ್ಲಿ ಕೊಡುತ್ತಿದ್ದರು, ಎದ್ದು ಓಡಿಹೋಗುವ ಯೋಚನೆ ಬಾರದಷ್ಟು. ಅರ್ಲ್ ಆ ಹೆಸರಿನ ಮೇಲೆ ಬೆರಳಿಟ್ಟ. ಆಮೇಲೆ ಇಂಗ್ಲಿಷಿನಲ್ಲಿ ಏನೋ ಅಂದ. ಸುಬ್ಬು ಹೇಳಿದ: "ಇವನ ಅಪ್ಪ, ಅಜ್ಜ, ಇವನು, ಮೂರು ತಲೆಮಾರೂ ಕುಡ್ದು ಹಾಳಾದ್ರಂತೆ. ಅವನು ಮಾಡಿದ್ದನ್ನೇ ಕುಡ್ದ್ವಿ ಅಂತಾನೆ."

ಅರ್ಲ್ ಇನ್ನೂ ಒಂದು ಹೇಳಿದ, ಅದಕ್ಕೆ ನಾವು ಮೂವರೂ ನಕ್ಕೆವು. ಒಂದು ಕಾಲದಲ್ಲಿ ಇಡೀ ದೇಶದಲ್ಲೇ ಮದ್ಯ ನಿಲ್ಲಿಸಿದ್ದರಂತೆ. ಆಗ ಡಾಕ್ಟರು ಚೀಟಿ ಬರೆದು ಕೊಟ್ಟರೆ ಔಷಧಿ ಅಂಗಡಿಯಲ್ಲೇ ವಿಸ್ಕಿ ಸಿಗುತ್ತಿತ್ತು. ಅದಕ್ಕೂ ಹಿಂದೆ ಮನೆ ಮನೆಯಲ್ಲಿ ಹೆಂಗಸರು ಬೇರುನಾರಿನ ಜೊತೆ ಅದನ್ನೂ ಮಾಡಿಡುತ್ತಿದ್ದರು, ಹೊಟ್ಟೆನೋವಿಗೆ, ಹಸಿವಾಗದವರಿಗೆ. ಅರ್ಲ್‌ನ ಅಮ್ಮ ಕೆಮ್ಮಿದ ಮಕ್ಕಳಿಗೆಲ್ಲ ಜೇನಿನಲ್ಲಿ ಕಲಸಿ ಚಮಚದಲ್ಲಿ ಕೊಡುತ್ತಿದ್ದಳಂತೆ. "ಮದ್ದು ಅಂದ್ರೆ ಯಾರೂ ಬೇಡ ಅನ್ನುದಿಲ್ಲಲ," ಎಂದ ಸುಬ್ಬು.

ಒಳಗೆ ಹೋಗಲು ಸುಬ್ಬು ಒಪ್ಪಲಿಲ್ಲ. ವಾಸನೆ ಕುಡಿದರೂ ಭಯ ಎಂದು ಬೆಂಚಿನಲ್ಲೇ ಕೂತ. ಅರ್ಲ್ ಮೋಸಸ್ ಕೆಲಸ ಮಾಡಿದ ಕೋಣೆ ನೋಡಬೇಕೆಂದ. ಅವನ ಜೊತೆ ನಾನು ಹೋದೆ.

ಮನೆಯಷ್ಟು ದೊಡ್ಡ ಮರದ ತೊಟ್ಟಿಗಳು. ಒಳಗೆ ಹಳದಿ ಅಂಬಲಿಯಂಥದ್ದು ತಾನಾಗಿ ಮಗುಚುತ್ತಿತ್ತು. ಕೆಳಗೆ ಬೆಂಕಿ ಇಲ್ಲ. ನಾನು ಬಗ್ಗಿದೆ. ಮೊದಲು ಕಿವಿಗೆ ಬಿತ್ತು. ಬುಳುಬುಳು, ಬುಳುಬುಳು. ಆಮೇಲೆ ಮೂಗಿಗೆ ಚುಚ್ಚಿ ಉಸಿರು ಕಟ್ಟಿತು, ಬತ್ತಿ ಆರಿಸುವ ಅದೇ ಗಾಳಿ. ಆಮೇಲೆ ವಾಸನೆ. ಜೋಳದ ವಾಸನೆ ಬೇರೆ, ದ್ರಾಕ್ಷಿಯದು ಬೇರೆ. ಆದರೆ ಅವೆರಡರ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತದಲ್ಲ, ಅದು ನಮ್ಮ ಉಗ್ರಾಣದ್ದು. ಭತ್ತದ ರಾಶಿ ಸರಿಸಿ ಭರಣಿಯ ಮಣ್ಣು ಒಡೆದಾಗ ಬರುವ ವಾಸನೆ. ಅಮ್ಮನ ಕೈಯ ವಾಸನೆ.

ಪಕ್ಕದಲ್ಲಿ ಕೆಲಸದವನೊಬ್ಬ ನಿನ್ನೆಯ ತೊಟ್ಟಿಯಿಂದ ಒಂದು ಪಾತ್ರೆ ಹುಳಿ ಬಂದ ಅಂಬಲಿ ತೆಗೆದು ಇವತ್ತಿನದಕ್ಕೆ ಹೊಯ್ದ, ನಾವು ಹಾಲಿಗೆ ಹೆಪ್ಪು ಹಾಕುವ ಹಾಗೆ.

ನನ್ನ ಓದು ಕಡಿಮೆ. ಆದರೆ ಅಡುಗೆಮನೆಯಲ್ಲಿ ಯಾವುದು ಯಾವುದರಿಂದ ಆಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಟ್ಟಿಯ ಕಟಕಟೆ ಹಿಡಿದುಕೊಂಡೆ. ಅರ್ಲ್ ಸೆಕೆಗೆ ತಲೆ ತಿರುಗಿತೆಂದು ತಿಳಿದು ಹೊರಗೆ ಕರೆತಂದ.



ಸಿಂಕು

ಮನೆಗೆ ಬಂದ ಕೂಡಲೆ ನಾನು ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದೆ. ಬಿಸಿನೀರು, ಸೋಪು ಹಾಕಿ ಮೂರು ಸಲ ತೊಳೆದೆ. ಚಮಚ ತೊಳೆದೆ. ಮನೆಗೆ ಹೆಂಡ ಬಂದರೆ ಹಾಗೆ ತೊಳೆಯಬೇಕು ಎಂದು ಕೈಗೆ ಗೊತ್ತಿತ್ತು, ತಲೆ ಓಡಲಿಲ್ಲ. ತಿರುಗಿ ನೋಡಿದರೆ ಸುಬ್ಬು ಬಾಗಿಲಲ್ಲಿ ನಿಂತಿದ್ದ.

"ಯಾಕೆ ಚೆಲ್ದೆ ಅಕ್ಕ?"

ನಾನು ಹೇಳಿದೆ. ಭಟ್ಟಿಯ ತೊಟ್ಟಿ, ಭರಣಿ, ಎಲ್ಲ. ಅವನು ಕುರ್ಚಿ ಎಳೆದು ಕೂತ.

"ನಿಂಗೆ ಗೊತ್ತಾಗ್ಲಿಲ್ವನಾ ಸುಬ್ಬು? ಇಷ್ಟು ವರ್ಷ ಕುಡ್ದವ ನೀನು. ನಾಲಿಗೆಗೆ ತಿಳೀಲಿಲ್ವಾ?"

"ಇಲ್ಲ ಅಕ್ಕ. ಅಮ್ಮ ಕೊಡುದು ಅಂತ ಕುಡ್ದೆ. ಎಸೆನ್ಸಿನ ಬಾಟ್ಲಿ ಓದ್ದೆ, ಮುಕ್ಳಿಸೋ ನೀರು ಓದ್ದೆ. ನಿನ್ನ ಕೈಲಿದ್ದದ್ದು ಓದ್ಬೇಕು ಅಂತ ಅನ್ನಿಸ್ಲೇ ಇಲ್ಲ." ಆಮೇಲೆ, "ನಿನ್ನೆ ಉಚ್ಚೆ ಕೊಟ್ಟಾಯ್ತಲೇ," ಎಂದ.

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಅರ್ಲ್‌ಗೆ ಫೋನು ಮಾಡಿದ. ಅರ್ಲ್ ಹೇಳಿದ್ದು ಒಂದೇ: ಅವರು ಕರೆಯುವ ಮೊದಲು ನೀವೇ ಹೋಗಿ. ಕರೆದ ಮೇಲೆ ಹೇಳಿದರೆ ಅದು ಕುಡುಕರು ದಿನಾ ಹೇಳುವ ಕತೆಯಾಗುತ್ತದೆ.

ಆಸ್ಪತ್ರೆಯ ನಾಲ್ಕನೇ ಮಹಡಿ

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು. ಪಟ್ಟಿಯ ಕೆಲಸ ನೋಡುವ ಶೆರಿಲ್ ಎಂಬ ಹೆಂಗಸು, ನನ್ನ ಮಗಳ ವಯಸ್ಸು. ರೋಗಿ ತಾನೇ ತನ್ನ ಪರವಾಗಿ ಅನುವಾದ ಮಾಡುವಂತಿಲ್ಲ ಎಂದು ಮೇಜಿನ ಮೇಲೆ ಒಂದು ಫೋನು ಇಟ್ಟರು. ಅದರೊಳಗಿಂದ ಹೆಣ್ಣು ದನಿ ಬಂತು.

"ನಮಸ್ಕಾರ್ರೀ ಅಮ್ಮಾ. ನಾ ನಿಮ್ ಮಾತು ಇಂಗ್ಲಿಷಿಗೆ ಹೇಳ್ತೀನ್ರಿ. ನಿಧಾನ ಹೇಳ್ರಿ."

ಧಾರವಾಡದ ಕಡೆಯ ಮಾತು. ಅಷ್ಟು ದೂರದಲ್ಲಿ ಕನ್ನಡ ಕೇಳಿ ಕಣ್ಣು ತುಂಬಿತು. ಶಾಲೆಯಲ್ಲಿ ಪದ್ಯ ಹೇಳಲಾರದವಳು, ನೆಲಮಾಳಿಗೆಯಲ್ಲಿ ಬಾಯಿ ಮುಚ್ಚಿಕೊಂಡವಳು, ಅವತ್ತು ಎದ್ದು ನಿಂತು ಹೇಳಿದೆ. ದ್ರಾಕ್ಷಿ ಎಷ್ಟು, ಬೆಲ್ಲ ಎಷ್ಟು, ಎಷ್ಟು ದಿನ ಹೂತಿಟ್ಟೆ, ಯಾವ ದಿನದಿಂದ ಕೊಟ್ಟೆ, ಹೊತ್ತಿಗೆ ಎಷ್ಟು ಚಮಚ. ಅವನಿಗೆ ತಿಳಿಯದು, ಕೊಟ್ಟವಳು ನಾನು.

ಫೋನಿನ ಹೆಂಗಸು ತಡೆದಳು. "ಅಮ್ಮಾ, ಈ ಅರಿಷ್ಟ ಅನ್ನೋದಕ್ಕ ಇವರ ಮಾತಿನ್ಯಾಗ ಶಬ್ದ ಇಲ್ರಿ. ಏನಂತ ಹೇಳ್ಲಿ? ಔಷಧ ಅನ್ಲ್ಯಾ?"

"ಬೇಡ," ಎಂದೆ. "ಮನೆಯಲ್ಲಿ ಮಾಡಿದ ಹೆಂಡ ಅನ್ನಿ."

ಅವಳು ಹಾಗೆಯೇ ಹೇಳಿದಳು. ಸುಬ್ಬು ತಲೆ ತಗ್ಗಿಸಿದ.

ಶೆರಿಲ್ ಎಲ್ಲ ಬರೆದುಕೊಂಡಳು. ನನ್ನ ಕೈಯ ಮೇಲೆ ಕೈಯಿಟ್ಟು ಕೇಳಿದಳು. ಫೋನು ಅದನ್ನೇ ಕನ್ನಡದಲ್ಲಿ ಕೇಳಿತು:

"ಬಾಟ್ಲಿ ತಂದೀರೇನ್ರೀ ಅಮ್ಮಾ? ಸ್ವಲ್ಪ ಉಳಿದಿದ್ರೂ ಸಾಕಂತ. ಪರೀಕ್ಷಾ ಮಾಡಿ ನೋಡ್ತಾರಂತ."

ಬಾಟಲಿ ಚೀಲದಲ್ಲಿಯೇ ಇತ್ತು, ತೋರಿಸಿದೆ. ಶೆರಿಲ್ ಮುಚ್ಚಳ ತೆಗೆದು ಮೂಸಿದಳು. ನಿಂಬೆಹಣ್ಣಿನ ಸೋಪಿನ ವಾಸನೆ.

ಅವಳು ನನ್ನನ್ನು ನಂಬಿದಳು. ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಿದಳು. ಆದರೆ ನಿರ್ಧಾರ ಅವಳದಲ್ಲ, ಕಮಿಟಿಯದು. ಎಂಟು ದಿನಕ್ಕೆ ಕಾಗದ ಬಂತು. ಪರೀಕ್ಷೆಯಲ್ಲಿ ಮದ್ಯ ಕಂಡಿದೆ, ಬೇರೆ ಕಾರಣಕ್ಕೆ ಆಧಾರವಿಲ್ಲ, ಆರು ತಿಂಗಳು ಮೊದಲಿನಿಂದ ಎಣಿಸಬೇಕು. ಅವರನ್ನು ನಾನು ಬೈಯುವುದಿಲ್ಲ. ಲಿವರ್ ಒಂದು, ಕಾಯುವವರು ನೂರು ಜನ, ಎಲ್ಲರಿಗೂ ಹೀಗೆ ಬಂದು ಹೇಳುವ ಒಬ್ಬಳು ಅಕ್ಕ ಇದ್ದಿರಬಹುದು.

"ಇನ್ನಾರು ತಿಂಗ್ಳಾ?" ಎಂದೆ.

"ಡಾಕ್ಟ್ರು ನಂಗೆ ಹೆಚ್ಚಂದ್ರೆ ಎರಡು ಅಂದಿದಾರೆ ಅಕ್ಕ," ಎಂದ ಸುಬ್ಬು. ಕಾಗದ ಮಡಚಿ ಕಿಸೆಗಿಟ್ಟುಕೊಂಡು, "ಇವತ್ತು ಎಂತ ಹುಳಿ?" ಎಂದು ಕೇಳಿದ.

ಕೊನೆಯ ದಿನಗಳು

ಅವನು ಕುಡಿಯಬಹುದಿತ್ತು. ಇನ್ನು ಯಾವ ಪಟ್ಟಿ, ಯಾವ ಪರೀಕ್ಷೆ? ಬೀದಿಯ ಕೊನೆಯಲ್ಲೇ ಅಂಗಡಿ ಇತ್ತು. ನೋವು ಹೆಚ್ಚಾದ ದಿನ, ದೇವರೇ, ನಾನೇ ತಂದು ಕೊಡಲೇ ಎಂದುಕೊಂಡೆ. ಬಾಯಿಬಿಟ್ಟು ಕೇಳಿಯೂ ಬಿಟ್ಟೆ.

"ಸುಮ್ನಿರೇ," ಎಂದ. "ಒಂದ್ಸಲ ಕೊಟ್ಟಿದ್ದು ಸಾಕಾಗ್ಲಿಲ್ವಾ?" ಎಂದು ನಕ್ಕ. ಅಷ್ಟು ದಿನದಲ್ಲಿ ಅವನು ನನಗೆ ಚುಚ್ಚಿ ಆಡಿದ ಮಾತು ಅದೊಂದೇ. ಅದೂ ನಗುತ್ತಲೇ.

ಮೊದಲ ಲೆಕ್ಕದಲ್ಲಿ ಆರು ತಿಂಗಳು ಮುಗಿದ ಸಂಜೆ ನೆಲಮಾಳಿಗೆಯವರು ಹತ್ತು ಹನ್ನೆರಡು ಜನ ಮನೆಗೇ ಬಂದರು. ಅವರ ಕ್ರಮದಲ್ಲಿ ತಿಳಿಯದೆ ಬಾಯಿಗೆ ಬಿದ್ದದ್ದು ಕುಡಿದದ್ದಲ್ಲವಂತೆ. ಆರು ತಿಂಗಳಾದವರಿಗೆ ಕೊಡುವ ಒಂದು ಬಿಲ್ಲೆಯನ್ನು ಅರ್ಲ್ ಅವನ ಅಂಗೈಯಲ್ಲಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮನೆಯಲ್ಲಿ ಕೂರಲು ಕುರ್ಚಿ ಎರಡೇ, ಎಲ್ಲರೂ ನಿಂತೇ ಉಪ್ಪಿಟ್ಟು ತಿಂದರು.

ಅದಾಗಿ ಹದಿನೇಳನೆಯ ದಿನ ಮಧ್ಯಾಹ್ನ ಸುಬ್ಬು ಹೋದ. ಪ್ರಜ್ಞೆ ತಪ್ಪುವ ಮೊದಲು ನೀರು ಕೇಳಿದ, ಕೊಟ್ಟೆ. ಅಲ್ಲಿ ಸುಡುವುದು ಒಂದು ಕಟ್ಟಡದೊಳಗೆ, ಗುಂಡಿ ಒತ್ತಿ. ಪೆಟ್ಟಿಗೆ ಮುಚ್ಚುವ ಮೊದಲು ಅರ್ಲ್ ಆ ಬಿಲ್ಲೆಯನ್ನು ಅವನ ಅಂಗಿಯ ಕಿಸೆಗೆ ಹಾಕಿದ. ನಾನು ಬೇಡವೆನ್ನಲಿಲ್ಲ. ಬೂದಿಯನ್ನು ಶೃಂಗೇರಿಯಲ್ಲಿ ತುಂಗೆಗೆ ಬಿಟ್ಟದ್ದು ನೀವೂ ನೋಡಿದ್ದೀರಿ.

ಊರಿಗೆ ಬಂದ ಮೇಲೆ

ನರಸಿಂಹರಾಜಪುರದಲ್ಲಿ ಸುಬ್ಬುವಿನ ವೈಕುಂಠ ಸಮಾರಾಧನೆಯ ದಿನ ನಾನು ಪಾಯಸ ಬಡಿಸುತ್ತಿದ್ದೆ. ಮೂರನೆಯ ಪಂಕ್ತಿಯಲ್ಲಿ ಕೂತ ನಮ್ಮ ದಾಯಾದಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಕೊನೆವರೆಗೂ ಬಿಡ್ಲಿಲ್ಲಂತೆ ಮಾರಾಯ. ಹೊಸ ಲಿವರ್ ಹಾಕ್ತೇವೆ ಅಂದ್ರೂ ಕದ್ದು ಕುಡ್ದು ಸಿಕ್ಕಿಬಿದ್ನಂತೆ. ಕುಡ್ದೇ ಸತ್ತ."

ಇನ್ನೊಬ್ಬರು, "ಪಾಪ, ಇವ್ರು ಅಷ್ಟು ದೂರ ಹೋಗಿ ಮಾಡಿದ್ದೂ ದಂಡ," ಎಂದರು. ಇವರು ಎಂದರೆ ನಾನು.

ನನ್ನ ಕೈಯಲ್ಲಿ ಸೌಟು ಇತ್ತು. ಕಾಣದ ಊರಿನ ನಾಲ್ಕನೆಯ ಮಹಡಿಯಲ್ಲಿ, ಗುರುತಿಲ್ಲದವರ ಎದುರು ನಿಂತು ಹೇಳಿದವಳಿಗೆ ನಮ್ಮದೇ ಜನರ ಎದುರು ಒಂದು ಮಾತು ಹೊರಡಲಿಲ್ಲ. ಅವರ ಎಲೆಗೆ ಪಾಯಸ ಬಡಿಸಿದೆ. ಇನ್ನೊಂದು ಸೌಟು ಬೇಕೆಂದರು, ಬಡಿಸಿದೆ. ಅವತ್ತಿನಿಂದ ಊರೆಲ್ಲ ಅದೇ ಮಾತು ನಡೆಯುತ್ತಿದೆ. ಪರೀಕ್ಷೆಯಲ್ಲಿ ಮದ್ಯ ಕಂಡಿತು ಎಂದಷ್ಟೇ ನಾನು ಫೋನಿನಲ್ಲಿ ಹೇಳಿದ್ದರಿಂದ ನಿಮ್ಮ ಅಮ್ಮನೂ ಹಾಗೆಯೇ ತಿಳಿದಿದ್ದಾಳೆ.

ಮುಂದಿನ ತಿಂಗಳು ಸುಬ್ಬುವಿನ ವರ್ಷಾಂತಿಕ. ಅವತ್ತು ಬಂದವರ ಪೈಕಿ ಹೆಚ್ಚಿನವರು ಬರುತ್ತಾರೆ. ಪೃಥ್ವಿ, ನಿನ್ನ ದನಿ ದೊಡ್ಡದು, ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ತಂದವಳು ನೀನು. ಎಲೆ ಹಾಕಿ ಎಲ್ಲರೂ ಕೂತ ಮೇಲೆ, ಬಡಿಸಲು ಶುರುಮಾಡುವ ಮೊದಲು, ಇದನ್ನು ಎದ್ದು ನಿಂತು ಓದು. ಯಾವ ಸಾಲನ್ನೂ ಬಿಡಬೇಡ, ಹೆಂಡ ಎಂದು ಬರೆದದ್ದನ್ನೂ ಬಿಡಬೇಡ. ಶ್ರೀನಿಧಿ ಪಕ್ಕದಲ್ಲಿ ನಿಂತಿರಲಿ. ನಾನು ಅಡುಗೆಮನೆಯ ಬಾಗಿಲ ಹಿಂದೆ ಇರುತ್ತೇನೆ. ನೀನು ಓದಿ ಮುಗಿಸಿದ ಮೇಲೆ ಅನ್ನದ ಪಾತ್ರೆ ಹಿಡಿದು ನಾನೇ ಹೊರಗೆ ಬರುತ್ತೇನೆ. ನನ್ನ ಕೈಯಿಂದ ಉಣ್ಣುವವರು ಉಣ್ಣಲಿ.